ಬಾರೇ ಎಂದು ಕರೆಯದ ಮನೆ

ಮದಕರಿಪುರ
೧೨-೯-೧೯೭೫

ಗಂಗಾಭಾಗೀರಥಿ ಸಮಾನರಾದ ಶ್ರೀಮತಿ ಪಾಲಮ್ಮನವರ ಸನ್ನಿಧಿಗೆ, ಅವರ ಅಣ್ಣಂದಿರಾದ ಕಾಟಯ್ಯನವರು ಬರೆಸುವ ವಿನಂತಿ.

ಇತ್ತ ನಾವೆಲ್ಲರೂ ಸುಖವಾಗಿರುವೆವು. ತಮ್ಮ ಯಜಮಾನರು ದೈವಾಧೀನರಾಗಿ ಮೂರು ಸಂವತ್ಸರಗಳು ಕಳೆದರೂ ತಾವು ತವರುಮನೆಯ ಹೊಸ್ತಿಲು ತುಳಿದಿರುವುದಿಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನು ಒಡಹುಟ್ಟಿದವನೇ ಖುದ್ದಾಗಿ ಬಂದು ಕರೆದೊಯ್ಯಬೇಕೆಂಬುದು ನಮ್ಮ ಹಟ್ಟಿಯ ರೂಢಿ. ಆದರೆ ದೃಷ್ಟಿಯು ಕೊಂಚ ಮಂದವಾಗಿರುವ ಕಾರಣ ಪ್ರಯಾಣವು ನನಗೆ ದುಸ್ತರವಾಗಿದೆ. ಚಿಂತೆಗೆ ಕಾರಣವಿಲ್ಲ. ಈ ಪತ್ರವನ್ನೇ ಆಹ್ವಾನವೆಂದು ಭಾವಿಸಿ ತಾವು ದಯಮಾಡಿಸಬೇಕು.

ನಮ್ಮ ಅಗ್ರಜರಾದ ದೊಡ್ಡಪ್ಪ, ಮುದ್ದಪ್ಪ, ನಿಂಗಪ್ಪನವರು ಕಾಲವಾದ ಮೇಲೆ ಉಳಿದಿರುವವರು ನಾವಿಬ್ಬರೇ ಎಂಬುದು ತಮಗೆ ತಿಳಿದೇ ಇದೆ.

ಇಂತು ವಿಶ್ವಾಸಪೂರ್ವಕ,
ಕಾಟಯ್ಯ (ಹೆಬ್ಬೆಟ್ಟಿನ ಗುರುತು)

ಬರೆದವರು: ಏಕಾಂತಪ್ಪ, ನಿವೃತ್ತ ಉಪಾಧ್ಯಾಯರು

*

ಆದಿವಾಲ
೨೨-೯-೧೯೭೫

ಕಾಟಣ್ಣನಿಗೆ ಪಾಲಮ್ಮ ಬರೆಯುವುದು.

ನಾವು ಚೆನ್ನಾಗಿದ್ದೇವೆ. ನೀನು ಚೆನ್ನಾಗಿದ್ದೀಯೋ ಇಲ್ಲವೋ ನಿನ್ನ ಕಾಗದ ಓದಿದರೆ ಗೊತ್ತಾಗುವುದಿಲ್ಲ.

ಪೋಸ್ಟಿನ ದಾಸಣ್ಣ ಗೊತ್ತಲ್ಲ, ಕಾರ್ಡನ್ನು ಓಣಿಯುದ್ದ ಓದಿಕೊಂಡೇ ಬರುವವನು. ಬಾಗಿಲಲ್ಲಿ ನಿಂತು ರಾಗವಾಗಿ ಗಂಗಾಭಾಗೀರಥಿ ಅಂತ ಶುರು ಮಾಡಿದ. ‘ಲೋ ದಾಸಣ್ಣ, ಈ ಓಣಿಯಾಗೆ ಗಂಗಾನೂ ಇಲ್ಲ, ಭಾಗೀರಥಿನೂ ಇಲ್ಲ. ಯಾರದೋ ತಂದಿದೀಯ, ತಗಂಡೋಗು’ ಅಂದೆ. ‘ಇಲ್ಲ ಕಣಜ್ಜಿ, ನಿಂದೇ ಐತೆ. ಗಂಡ ಹೋದೋರಿಗೆ ಮರ್ಯಾದಸ್ತರು ಹಂಗೇ ಬರಿಯದು’ ಅಂದ. ಆಚೆಮನೆ ಜಯಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ನಮ್ಮ ಮನೆಯವರು ಹೋದಾಗ ಬಳೆ ತೆಗೆದರು, ಕುಂಕುಮ ಒರೆಸಿದರು. ಅದು ಎಲ್ಲರಿಗೂ ಆಗುವುದು, ನಾನು ತಕರಾರು ಮಾಡಲಿಲ್ಲ. ಈಗ ಹೆಸರನ್ನೂ ತೆಗೆಯುತ್ತೀಯೇನೋ? ಸನ್ನಿಧಿಯಂತೆ, ದಯಮಾಡಿಸಬೇಕಂತೆ. ನಾನೇನು ಮಠದ ಸ್ವಾಮಿಯೇ?

ಬರೆದವರು ಮೇಷ್ಟ್ರು ಇರಬಹುದು. ಹೇಳಿದ್ದು ನಿನ್ನ ಬಾಯಿ ತಾನೆ? ಅಷ್ಟು ಓದಿದವರು ನೀನು ಹೇಳದೆ ಇದ್ದದ್ದನ್ನು ಯಾಕೆ ಬರೆಯುತ್ತಾರೆ?

ಕಣ್ಣು ನೆಟ್ಟಗಿದ್ದಾಗ ವರ್ಷಕ್ಕೊಂದು ಸಲ ಕುರಿ ಹೊಡೆದುಕೊಂಡು ಈ ಕಡೆ ಬರುತ್ತಿದ್ದೆ. ಕೆರೆ ಏರಿ ಮೇಲಿಂದಲೇ ‘ಲೋ ಪಾಲಾ, ನೀರು ಕಾಯ್ಸೋ, ಬಂದೆ’ ಅಂತ ಕೂಗುತ್ತಿದ್ದೆ. ನಮ್ಮ ಮನೆಯವರು ಜಗಲಿಯಲ್ಲಿ ಕೂತು, ‘ನಿಮ್ಮಣ್ಣ ನಿನ್ನ ಕರೀತಾನೋ, ಟಗರು ಕರೀತಾನೋ?’ ಅಂತ ನಗುತ್ತಿದ್ದರು. ಅವರ ತಿಥಿಗೆ ಬಂದಾಗ ನಿನ್ನನ್ನು ಯಾರೋ ಕೈಹಿಡಿದು ಕರೆತಂದಿದ್ದರು. ನನ್ನ ಪಕ್ಕ ಕೂತೆ, ಒಂದು ಮಾತೂ ಆಡಲಿಲ್ಲ. ಆವತ್ತು ಆಡುವ ಹಾಗಿರಲಿಲ್ಲ, ಬಿಡು. ಆಮೇಲೆ ಆಡಿದ ಮೊದಲ ಮಾತು ಈ ಗಂಗಾಭಾಗೀರಥಿ.

ನಮ್ಮ ಮನೆಯಲ್ಲಿ ‘ಬಾರೇ’ ಎನ್ನುವ ಮಾತೇ ಇರಲಿಲ್ಲವಲ್ಲ ಕಾಟಣ್ಣ. ನಾಲ್ಕು ಗಂಡುಹುಡುಗರ ಮನೆ. ಬಾರೋ, ಹೋಗೋ, ಏನೋ, ಎತ್ತೋ, ಬಿಡೋ. ಐದನೆಯವಳಾಗಿ ನಾನು ಹುಟ್ಟಿದೆ ಅಂತ ನಿಮ್ಮ ನಾಲಿಗೆ ಹೊಸ ಮಾತು ಕಲಿಯಲಿಲ್ಲ. ಅವ್ವ ಸಂತೆಯಲ್ಲಿ ಒಂದೇ ತುಂಡು ಚೌಕಳಿ ಬಟ್ಟೆ ತಂದು ನಾಲ್ಕು ಅಂಗಿ, ಒಂದು ಲಂಗ ಹೊಲಿಸುತ್ತಿದ್ದಳು. ದೂರದಿಂದ ನೋಡಿದವರಿಗೆ ಒಂದೇ ರೊಪ್ಪದ ಮರಿಗಳು. ನಿಮ್ಮನ್ನು ಶಾಲೆಗೆ ಕಳಿಸಿದರೆ ಹಿಂದಿನ ಗೋಡೆ ಹಾರಿ ಕುರಿ ಹಿಂದೆ ಓಡುತ್ತಿದ್ದಿರಿ. ಓಡದ ಹಾಗೆ ಕಾಯಲಿಕ್ಕೆ ಅಂತ ಅಪ್ಪ ನನ್ನನ್ನು ಶಾಲೆಯ ಬಾಗಿಲಲ್ಲಿ ಕೂರಿಸಿದ. ನೀವು ಹೇಗೂ ಓಡಿದಿರಿ. ಕಾಯಲು ಕೂತವಳಿಗೆ ಮೂರನೇ ಪುಸ್ತಕದವರೆಗೆ ಅಕ್ಷರ ಬಂತು. ಅದಕ್ಕೇ ಈಗ ನಾನೇ ಬರೆಯುತ್ತಿದ್ದೇನೆ, ನೀನು ಹೆಬ್ಬೆಟ್ಟು ಒತ್ತುತ್ತಿದ್ದೀಯ.

ಮದುವೆಯಾಗಿ ಈ ಊರಿಗೆ ಬಂದಾಗ ಅತ್ತೆ ಒಳಗಿನಿಂದ ‘ಬಾರೇ, ಬಾರೇ’ ಅಂತ ಕೂಗುತ್ತಿದ್ದರು. ನಾನು ಅಂಗಳದಲ್ಲಿ ಆರಾಮಾಗಿ ಕೂತಿದ್ದೆ, ಇನ್ಯಾರನ್ನೋ ಕರೆಯುತ್ತಿದ್ದಾರೆ ಅಂತ. ಮೂರು ದಿನದಲ್ಲಿ ಊರೆಲ್ಲ ಸುದ್ದಿ, ಮದಕರಿಪುರದವರು ಕಿವುಡಿಯನ್ನು ದಾಟಿಸಿದ್ದಾರೆ ಅಂತ. ನಮ್ಮ ಮಾವನವರು ಅಪ್ಪನನ್ನು ಕರೆಸಿ ಕೇಳಿದರು. ಅಪ್ಪ ಎಲೆಅಡಿಕೆ ಉಗಿದು, ‘ಬಾರೋ ಅನ್ರಿ, ನೋಡ್ರಿ ಹೆಂಗ್ ಎದ್ ಬರ್ತಾಳೆ’ ಅಂದ. ಅತ್ತೆಗೆ ಹಾಗೆ ಕರೆಯಲು ನಾಚಿಕೆ. ಕಡೆಗೆ ನಾನೇ ಕಲಿತೆ.

ಮೊನ್ನೆ ಏನಾಯಿತು ಗೊತ್ತಾ? ನನ್ನ ಮೊಮ್ಮಗಳು ಚಿತ್ತಮ್ಮ, ಅವಳೂ ಮೂರು ಹುಡುಗರ ನಡುವೆ ಒಬ್ಬಳೇ ಹುಡುಗಿ. ಅಂಗಳದಲ್ಲಿ ಅವಳ ಅಣ್ಣ ‘ಬಾರೋ, ನಿನ್ನ ಆಟ ಬಂತು’ ಅಂದ. ಮೊರ ಹಿಡಿದು ರಾಗಿ ಕೇರುತ್ತಿದ್ದ ನಾನು ತಟ್ಟನೆ ತಿರುಗಿದೆ. ಆಮೇಲೆ ನನಗೇ ಒಂಥರಾ ಆಯಿತು. ಸೊಸೆ ಹುಡುಗನನ್ನು ಗದರಿದಳು, ‘ಹೆಣ್ಮಗೀನ ಹಂಗ್ ಕರೀಬಾರ್ದು’ ಅಂತ. ‘ಕರೀಲಿ ಬಿಡು, ಎಷ್ಟು ದಿನ ಕರೀತಾರೆ’ ಅಂದೆ.

ನೀನು ಬರಲಾರದಿದ್ದರೆ ಬೇಡ. ಬಾಯಿ ಇದೆಯಲ್ಲ, ನೆಟ್ಟಗೆ ಕರೆ. ಆವಾಗ ಬರುತ್ತೇನೆ. ನನ್ನ ಆರೋಗ್ಯಕ್ಕೇನೂ ಆಗಿಲ್ಲ, ನೀನು ನೋಡಿದಾಗ ಹೇಗಿದ್ದೆನೋ ಹಾಗೇ ಇದ್ದೇನೆ. ಹುರಿಗಡಲೆ ಅಗಿಯುತ್ತೇನೆ.

ಪಾಲಮ್ಮ

*

ಮದಕರಿಪುರ
೮-೧೦-೧೯೭೫

ಪೂಜ್ಯರಾದ ಪಾಲಮ್ಮನವರಿಗೆ ಕಾಟಯ್ಯನವರ ವಂದನೆಗಳು.

ಸವಿನುಡಿಗಳಿಂದ ಕೂಡಿದ ತಮ್ಮ ಪತ್ರವನ್ನು ಓದಿಸಿ ಕೇಳಿ ಆನಂದವಾಯಿತು. ತಾವು ಆರೋಗ್ಯದಿಂದಿರುವ ವಿಷಯ ತಿಳಿದು ಸಮಾಧಾನವಾಯಿತು. ಬಾಲ್ಯದಲ್ಲಿ ತಾಯಿಯವರು ಮುಂಜಾನೆಯೇ ಹೊಲಕ್ಕೆ ತೆರಳುತ್ತಿದ್ದ ಕಾರಣ ತಮ್ಮ ಕೇಶಾಲಂಕಾರವನ್ನು ನಾನೇ ಮಾಡುತ್ತಿದ್ದೆನೆಂದೂ, ಕುರಿಮರಿ ಕಟ್ಟುವ ಹುರಿಯನ್ನು ಹೆಣೆಯುವ ರೀತಿಯಲ್ಲಿಯೇ ಜಡೆಯನ್ನು ಹೆಣೆದು ಕೊನೆಗೆ ಅದೇ ಗಂಟನ್ನು ಹಾಕುತ್ತಿದ್ದೆನೆಂದೂ, ಅದನ್ನು ಬಿಚ್ಚಲಾಗದೆ ತಾವು ರೋದಿಸುತ್ತಿದ್ದಿರೆಂದೂ ನೆನೆದು ಕಾಟಯ್ಯನವರು ಬಹಳ ಹೊತ್ತು ನಕ್ಕರು.

ಡಿಸೆಂಬರ್ ಮಾಹೆಗೆ ಮುನ್ನ ಆಗಮಿಸಿದರೆ ಅನುಕೂಲವಾಗುವುದು. ಕಾರಣವನ್ನು ಮುಖತಃ ತಿಳಿಸಲಾಗುವುದು.

ಕಾಟಯ್ಯ (ಹೆಬ್ಬೆಟ್ಟಿನ ಗುರುತು)

ಬರೆದವರು: ಏಕಾಂತಪ್ಪ

*

ಆದಿವಾಲ
೨೮-೧೦-೧೯೭೫

ಮಹಾರಾಜಶ್ರೀ ಕಾಟಯ್ಯನವರ ಪಾದದ ಬಳಿಗೆ, ಆದಿವಾಲದ ಒಬ್ಬ ಹೆಂಗಸು ಬರೆದುಕೊಳ್ಳುವುದು.

ತಮ್ಮ ಎರಡನೇ ಕಾಗದ ತಲುಪಿತು. ನಾನು ಅಷ್ಟುದ್ದ ಬರೆದು ಕೇಳಿಕೊಂಡದ್ದು ಒಂದೇ ಒಂದು ಮಾತು. ಅದು ತಮಗೆ ಸವಿನುಡಿಯಾಗಿ ಕೇಳಿಸಿತಂತೆ. ಸಂತೋಷ.

ಈ ಸಲ ಪೂಜ್ಯರೂ ಆದೆ. ಪೂಜ್ಯರಾದವರು ಕಂಡವರ ಮನೆಗೆ ಗಂಟುಮೂಟೆ ಹೊತ್ತುಕೊಂಡು ಹೋಗುವುದಿಲ್ಲ. ಡಿಸೆಂಬರಿಗೆ ಮುಂಚೆ ಬರಬೇಕಂತೆ. ಡಿಸೆಂಬರ್ ಕಳೆದರೆ ಏನು ಮಾಡುತ್ತೀರಿ, ಮನೆಯ ಬಾಗಿಲು ಕಿತ್ತು ಇಡುತ್ತೀರೋ?

ಇಲ್ಲಿ ಶೇಂಗಾ ಕೀಳುವ ಕೆಲಸ ಬಹಳ ಇದೆ. ನಾನು ಬರುವುದಿಲ್ಲ. ಜಡೆಯ ವಿಚಾರ ಬರೆಸಿದ್ದೀರಿ. ಆ ಜಡೆ ಹಾಕಿಸಿಕೊಂಡವಳಿಗೂ ತಮಗೂ ಈಗ ಪರಿಚಯವಿಲ್ಲ.

ಪಾಲಮ್ಮ

*

ಆದಿವಾಲ
೧೮-೧೧-೧೯೭೫

ಏಕಾಂತಪ್ಪ ಮೇಷ್ಟ್ರಿಗೆ ಪಾಲಮ್ಮನ ನಮಸ್ಕಾರ.

ಈ ಕಾಗದ ನಿಮಗೇ. ಮೊದಲು ನೀವೊಬ್ಬರೇ ಓದಿಕೊಳ್ಳಿ, ಆಮೇಲೆ ಕೊನೆಯ ಭಾಗವನ್ನು ನಮ್ಮಣ್ಣನಿಗೆ ಗಟ್ಟಿಯಾಗಿ ಓದಿ.

ಮೊನ್ನೆ ನಿಮ್ಮೂರಿನ ನಾಗಣ್ಣ ಕುರಿ ಹೊಡೆದುಕೊಂಡು ಬಂದ. ಗೊಬ್ಬರಕ್ಕೆ ಅಂತ ನನ್ನ ಮಗ ನಮ್ಮ ಹೊಲದಲ್ಲೇ ಮಂದೆ ನಿಲ್ಲಿಸಿಕೊಂಡ. ನಾಗಣ್ಣನಿಗೆ ಮುದ್ದೆ ಬಡಿಸುತ್ತಾ, ‘ನಿಮ್ಮೂರ ಮಹಾರಾಜರು ಹೆಂಗವ್ರೆ?’ ಅಂದೆ.

‘ಯಾವ ಮಾರಾಜ್ರು?’

‘ಅದೇ, ಕಾಟಯ್ಯನೋರು.’

‘ಅಯ್ಯೋ ಕಾಟಜ್ಜಾನಾ? ಜಗಲಿ ಮ್ಯಾಲೆ ಕುಂತು ಹೋಗೋ ಬರೋರ್ನೆಲ್ಲ ಒಂದೇ ಕೇಳದು, ಆ ನನ್ಮಗ ಪಾಲ ಬಂದ್ನೇನ್ರೋ, ಬಸ್ ಇಳುದ್ನೇನ್ರೋ ಅಂತ. ಮೊನ್ನೆ ಬಂದಿದ್ದ ಹೊಸಾ ಕಂಡಕ್ಟ್ರು, ಪಾಲಯ್ಯ ಅಂದ್ರೆ ನಿಮ್ ತಮ್ನೇನ್ರಿ ಅಂತ ಕೇಳ್ದ.’

ಸಾರಿನ ಸೌಟು ಕೆಳಗಿಟ್ಟೆ. ‘ಮತ್ತೆ ಕಾಗದದಾಗೆ ಪೂಜ್ಯರು, ಸನ್ನಿಧಿ ಅಂತ ಬರ್ಸವ್ನಲ್ಲೋ?’ ಅಂದೆ.

‘ನಾನು ಅಲ್ಲೇ ಇದ್ದೆ ಕಣಜ್ಜಿ. ಲೋ ಪಾಲ, ಬಾರೋ ಅಂತ ಬರೀರಿ ಅಂದ ಕಾಟಜ್ಜ. ಅದಕ್ಕೆ ಮೇಷ್ಟ್ರು, ಕಾಟಯ್ಯ, ಅದು ಲಿಂಗದೋಷ ಆಗತೈತೆ, ಹೆಂಗಸ್ರಿಗೆ ಬಾರೋ ಅಂತ ಬರದ್ರೆ ವ್ಯಾಕರಣ ಕೆಡತೈತೆ ಅಂದ್ರು. ಕಾಟಜ್ಜ, ಅದೇನು ಕೆಡತೈತೋ ನಂಗೊತ್ತಿಲ್ಲ, ನೀವು ಬಲ್ಲೋರು, ಕೆಡದಂಗೆ ಬರೀರಿ ಅಂದ.’

ಮೇಷ್ಟ್ರೇ, ನೀವು ದೊಡ್ಡವರು. ನೀವಿಲ್ಲದಿದ್ದರೆ ನಮ್ಮಣ್ಣನ ಒಂದು ಅಕ್ಷರವೂ ನನಗೆ ಸಿಗುತ್ತಿರಲಿಲ್ಲ, ಅದು ನನಗೆ ಗೊತ್ತು. ಬೈಯುತ್ತಿಲ್ಲ. ಆದರೆ ನೀವು ಕೆಡದ ಹಾಗೆ ನೋಡಿಕೊಂಡ ವ್ಯಾಕರಣದಿಂದ ನಾನು ಎರಡು ತಿಂಗಳು ಅನ್ನ ಸರಿಯಾಗಿ ತಿಂದಿಲ್ಲ. ನನ್ನ ಬೈಗುಳವನ್ನೂ ಹೀಗೇ ಸೋಸಿ ಸವಿನುಡಿ ಮಾಡಿ ಓದಿದಿರೇನೋ. ಅಷ್ಟು ಕಷ್ಟಪಟ್ಟು ಬೈದಿದ್ದೆ. ಇನ್ನು ಮೇಲೆ ಅವನು ಕೆಮ್ಮಿದರೆ ಕೆಮ್ಮು ಅಂತ ಬರೆಯಿರಿ, ನಾನು ಉಗಿದರೆ ಉಗಿದಳು ಅಂತ ಓದಿರಿ. ದೋಷವೆಲ್ಲ ನನ್ನ ತಲೆಮೇಲೆ ಇರಲಿ.

ಈಗ ಗಟ್ಟಿಯಾಗಿ ಓದಿ.

ಲೋ ಕಾಟಣ್ಣ. ಕಳ್ಳ. ಮುಂದಿನ ತಿಂಗಳು ದುರ್ಗದಲ್ಲಿ ಕಣ್ಣಿನ ಕ್ಯಾಂಪು ನಡೆಯುತ್ತದಂತೆ, ನಿನ್ನ ಕಣ್ಣಿನ ಪೊರೆ ಕೊಯ್ಯುತ್ತಾರಂತೆ. ನಾಗಣ್ಣ ಹೇಳಿದ. ‘ಕೊಂಚ ಮಂದ’ ಅಂತ ಬರೆಸಿದ್ದೆಯಲ್ಲ, ಅಂಗೈ ಕೂಡ ಕಾಣುವುದಿಲ್ಲವಂತೆ. ದೊಡ್ಡಣ್ಣ ದವಾಖಾನೆಗೆ ಹೋದವನು ಎದ್ದು ಬರಲಿಲ್ಲ, ಅದಕ್ಕೇ ಪಾಲ ಹೆದರುತ್ತಾಳೆ ಅಂತ ತಾನೇ ನನಗೆ ಹೇಳದೆ ಇದ್ದದ್ದು? ಹೆದರುತ್ತೇನೆ, ನಿಜ. ಹೆದರಿಕೊಂಡೇ ಬರುತ್ತೇನೆ. ನೀನು ಕರೆಯಬೇಕು. ನಿನ್ನ ಬಾಯಿಂದಲೇ ಕರೆ. ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದೇನೆ.

ಪಾಲ

*

ಮದಕರಿಪುರ
೨೬-೧೧-೧೯೭೫

ಶ್ರೀಮತಿ ಪಾಲಮ್ಮನವರಿಗೆ ಏಕಾಂತಪ್ಪನ ನಮಸ್ಕಾರಗಳು. ತಮ್ಮ ಪತ್ರವನ್ನು ಆಜ್ಞೆಯಂತೆ ಇದ್ದದ್ದು ಇದ್ದಂತೆಯೇ ಓದಿದೆನು. ‘ಕಳ್ಳ’ ಎಂಬಲ್ಲಿ ಕಾಟಯ್ಯನವರು ಎದ್ದು ನಿಂತು, ಇನ್ನೊಮ್ಮೆ ಓದಿಸಿದರು. ಮೂವತ್ತು ವರ್ಷ ಮಕ್ಕಳ ಲಿಂಗದೋಷ ತಿದ್ದಿದ ಕೈ ಇದು. ಇಂದು ಮೊದಲ ಬಾರಿಗೆ ತಿದ್ದದೆ ಬರೆಯುತ್ತಿದೆ. ಕೆಳಗಿನದು ಅವರು ನುಡಿದಂತೆ.

ಲೋ ಪಾಲ. ಬರ್ಕಂಡ್ರಾ ಮೇಷ್ಟ್ರೇ? ಲೋ ಅಂತಾನೇ ಬರ್ಕಂಡ್ರಾ? ಹಾಂ.

ಲೋ ಪಾಲ, ನಿಂಗೆ ಮೂಗಿನ ತುದೀಲೇ ಸಿಟ್ಟು. ಮೊದ್ಲಿಂದ್ಲೂ ಹಂಗೇ. ಮಹಾರಾಜಶ್ರೀ ಅಂತ ಬರದಿದ್ದೆಯಲ್ಲ, ಅದನ್ನ ಮೇಷ್ಟ್ರು ಓದಿದಾಗ, ನಮ್ ಪಾಲ ದೊಡ್ಡ ಮನುಸ್ಯ ಆಗ್ಬಿಟ್ಟ, ಕುರಿ ವಾಸನೆ ಅವನಿಗೆ ಆಗಲ್ಲ ಈಗ ಅಂತ ಸುಮ್ನಾದೆ. ಸೊಸೆ ಹುಚ್ಚಕ್ಕ ಕೇಳುದ್ಲು, ಯಾಕ್ ಮಾವ ಉಣ್ಣಲ್ಲ ಅಂತ. ಹೊಟ್ಟೆ ಸರಿ ಇಲ್ಲ ಅಂದೆ.

ನಿಂಗೆ ಗ್ಯಾಪಕ ಐತಾ, ನೀನು ದೊಡ್ಡೋಳಾದಾಗ ಸೋದರಮಾವ ಬಂದು ಹಟ್ಟಿ ಅಂಚಿನಾಗೆ ಹಸಿಸೊಪ್ಪಿನ ಗುಡ್ಲು ಹಾಕಿ ನಿನ್ನ ಅದರಾಗೆ ಕುಂಡ್ರಿಸಿದ್ರಲ್ಲ? ಮೇಷ್ಟ್ರೇ, ಬರ್ಕಳ್ರಿ. ಯಾಕ್ ಪೆನ್ ನಿಲ್ಸಿದ್ರಿ? ನೀವೂ ಹೆಣ್ಮಕ್ಳು ಹೆತ್ತೋರೇ. ಬರ್ಕಳ್ರಿ.

ನಂಗೇನ್ ಗೊತ್ತು ಪಾಲ? ಗಂಡುಡುಗ್ರ ಮನೆ. ಯಾರೂ ಏನೂ ಹೇಳಲ್ಲ. ನಿನ್ನ ಆಚೆ ಹಾಕವ್ರೆ, ಯಾರೂ ಮುಟ್ಟಂಗಿಲ್ಲ, ಅಂದ್ರೆ ನೀನು ಏನೋ ತಪ್ಪು ಮಾಡಿದೀಯ ಅನ್ಕಂಡೆ. ಹಿಂದಿನ್ ದಿನ ಅವ್ವನ ತುಪ್ಪದ ಗಡಿಗೆ ಒಡೆದಿತ್ತು. ಒಡೆದಿದ್ದು ನಾನು. ಅದು ನಿನ್ ಮ್ಯಾಲೆ ಬಂತು ಅಂತ ತಿಳ್ಕಂಡು ಅವ್ವನ ಹತ್ರ ಹೋಗಿ, ಗಡಿಗೆ ಒಡೆದಿದ್ದು ನಾನು ಕಣವ್ವ, ಪಾಲನ್ನ ಒಳೀಕೆ ಕರ್ಕೊ, ನನ್ನ ಗುಡ್ಲಿಗೆ ಹಾಕು ಅಂದೆ. ನೆಂಟರೆಲ್ಲ ಬಿದ್ದೂ ಬಿದ್ದೂ ನಕ್ರು. ಅವ್ವ ನಗ್ಲೂ ಇಲ್ಲ, ಹೊಡೀಲೂ ಇಲ್ಲ, ತಲೆ ಸವರಿದ್ಲು. ನಂಗೆ ಸಿಟ್ಟು ಬಂದು ಗುಡ್ಲು ಎದುರಿಗೆ ಕಲ್ ಮ್ಯಾಲೆ ಕುಂತೆ. ನೀನು ಒಳಗಿಂದ, ‘ನೀನ್ ಯಾಕೋ ಬಿಸ್ಲಾಗೆ ಕುಂತಿದೀಯ’ ಅಂದೆ. ನಾನು, ‘ನಂದೂ ತಪ್ಪೈತೆ ಕಣೋ’ ಅಂದೆ. ನಿನ್ನ ಒಳೀಕೆ ಕರ್ಕಂಡ ಮ್ಯಾಲೆ ದೊಡ್ಡಣ್ಣ, ಮುದ್ದಣ್ಣ, ನಿಂಗಣ್ಣ ಮೂವರೂ ನಿಂಗೆ ಬಾರಮ್ಮ ಅನ್ನಾಕೆ ಶುರು ಮಾಡಿದ್ರು. ನನ್ ಬಾಯಾಗೆ ಮಾತ್ರ ಬರ್ಲಿಲ್ಲ.

ಈಗ ಕಣ್ಣಿನ ಮಾತು. ಬೆಳಕು ಯಾವ್ದು ಕತ್ಲೆ ಯಾವ್ದು ಅಂತ ಈಗ ಗೊತ್ತಾಗತೈತೆ. ಕುಯ್ದ ಮ್ಯಾಲೆ ಅದೂ ಹೋದ್ರೆ? ಡಾಕ್ಟ್ರು ಏನೂ ಆಗಲ್ಲ ಅಂತಾರೆ. ಮಗ ಬೈತಾನೆ. ನಂಗೆ ಭಯ ಆಗತೈತೆ ಪಾಲ, ಇದನ್ನ ಯಾರಿಗೂ ಹೇಳಿಲ್ಲ. ನೀನು ಪಕ್ಕದಾಗೆ ಇದ್ರೆ ಹೋಗಿ ಮಲಗ್ತೀನಿ. ಇಲ್ದಿದ್ರೆ ಹೋಗಲ್ಲ, ಹಿಂಗೇ ಇರ್ತೀನಿ.

ಬಾರೋ.

(ಹೆಬ್ಬೆಟ್ಟಿನ ಗುರುತು)

*

ಆದಿವಾಲ
೯-೨-೧೯೭೬

ಲೋ ಕಾಟಣ್ಣ,

ಹೇಳದೆ ಕೇಳದೆ ಬಸ್ಸು ಹತ್ತಿ ಬಂದೆ ಅಂತ ಹುಚ್ಚಕ್ಕ ಅತ್ತಳಂತೆ. ಅವಳಿಗೆ ಹೇಳು, ಅವಳ ತಪ್ಪೇನೂ ಇಲ್ಲ. ಎರಡು ತಿಂಗಳು ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು. ತಪ್ಪು ನಿನ್ನದು.

ಕ್ಯಾಂಪಿನ ದಿನಗಳು ಚೆನ್ನಾಗಿದ್ದವು ಅಂದರೆ ಯಾರಾದರೂ ನಗುತ್ತಾರೆ. ನನಗೆ ಚೆನ್ನಾಗಿದ್ದವು. ಶಾಲೆಯ ಕೋಣೆಯಲ್ಲಿ ಚಾಪೆ ಹಾಸಿ ಸಾಲಾಗಿ ಮುದುಕರನ್ನು ಮಲಗಿಸಿದ್ದರು, ಎಲ್ಲರ ಕಣ್ಣಿಗೂ ಪಟ್ಟಿ. ತಲೆ ಅಲ್ಲಾಡಿಸಬಾರದು ಅಂತ ನಿನ್ನ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟಿದ್ದರು. ನೀನು ಮಲಗಿದಲ್ಲೇ ‘ಪಾಲ, ನೀರು ಕೊಡೋ’, ‘ಪಾಲ, ಸೊಳ್ಳೆ ಹೊಡಿಯೋ’ ಅಂತ ಕೂಗುತ್ತಿದ್ದೆ. ನಿನ್ನ ಪಕ್ಕದ ಹೊಸದುರ್ಗದ ಮರುಳಸಿದ್ದಪ್ಪ ನಿನ್ನ ಮಾತು ಕೇಳಿ, ‘ನಿಮ್ ತಮ್ಮ ಎಷ್ಟು ಚೆನ್ನಾಗಿ ನೋಡ್ಕಂತಾನ್ರಿ, ಆದ್ರೆ ದನಿ ಯಾಕೋ ಹೆಣ್ಣಿನಂಗೈತೆ’ ಅಂದನಲ್ಲ. ನೀನು ನಕ್ಕು ನರ್ಸಮ್ಮನ ಹತ್ತಿರ ಬೈಸಿಕೊಂಡೆ, ನಕ್ಕರೆ ಹೊಲಿಗೆ ಬಿಚ್ಚುತ್ತದೆ ಅಂತ. ನಾವಿಬ್ಬರೂ ಅಷ್ಟು ದಿನ ಒಂದೇ ಕಡೆ ಇದ್ದು ಮಾತಾಡಿದ್ದು ನನ್ನ ಮದುವೆಗೆ ಮುಂಚೆ ಬಿಟ್ಟರೆ ಈಗಲೇ. ಎಲಚಿ ಮುಳ್ಳಿನಲ್ಲಿ ನನ್ನ ಲಂಗ ಸಿಕ್ಕಿ ಹರಿದದ್ದು, ಅದಕ್ಕೆ ನಿಂಗಣ್ಣ ತನ್ನ ಅಂಗಿಯ ತೋಳು ಕಿತ್ತು ತೇಪೆ ಹಾಕಿದ್ದು, ಎರಡೂ ಒಂದೇ ಬಟ್ಟೆಯಾದ್ದರಿಂದ ಅವ್ವನಿಗೆ ಲಂಗದಲ್ಲಿ ಗೊತ್ತಾಗದೆ ಅಂಗಿಯಲ್ಲಿ ಗೊತ್ತಾದದ್ದು, ಎಲ್ಲ ಆಡಿದೆವು.

ಪಟ್ಟಿ ಬಿಚ್ಚಿದ ಮೇಲೂ ನಿನಗೆಲ್ಲ ಮಸುಕು ಮಸುಕು. ಆಮೇಲೆ ಸಂಕ್ರಾಂತಿ ಕಳೆದು ಕನ್ನಡಕ ಬಂತು.

ಜಗಲಿಯಲ್ಲಿ ಕೂತಿದ್ದೆ ನೀನು. ನಿನ್ನ ಮಗ ಆ ದಪ್ಪ ಗಾಜಿನ ಕನ್ನಡಕ ಹಾಕಿದ. ಮೊದಲು ಕಂಬ ನೋಡಿದೆ, ಆಮೇಲೆ ನಿನ್ನ ಕೈ ನೋಡಿಕೊಂಡೆ. ಹುಚ್ಚಕ್ಕನನ್ನು ನೋಡಿ ‘ನೀನು ದಪ್ಪ ಆಗಿದೀಯಲ್ಲವ್ವ’ ಅಂದೆ. ನಾನು ಒಳಗಿನಿಂದ ಓಡಿ ಬಂದು ಬಾಗಿಲಲ್ಲಿ ನಿಂತೆ. ಬೇಕಂತಲೇ ಮಾತಾಡಲಿಲ್ಲ. ನಿನ್ನ ಬಾಯಿಂದ ಮೊದಲು ಬರಲಿ ಅಂತ.

ನೀನು ನನ್ನನ್ನು ನೋಡಿದೆ. ಎದ್ದು ನಿಂತು ಪಕ್ಕಕ್ಕೆ ಸರಿದು, ‘ಬರ್ರಿ, ಕುಂತ್ಕಳ್ರಿ. ಯಾರವ್ವ, ಗೊತ್ತಾಗ್ಲಿಲ್ಲ. ನಮ್ ಪಾಲ ಇಲ್ಲೇ ಎಲ್ಲೋ ಹೋಗವ್ನೆ, ಈಗ ಬರ್ತಾನೆ’ ಅಂದೆ.

ಅದಕ್ಕೆ ನನಗೆ ಸಿಟ್ಟಿಲ್ಲ ಕಾಟಣ್ಣ. ನೀನು ನನ್ನನ್ನು ಕಡೆಯ ಸಲ ಕಣ್ಣಲ್ಲಿ ನೋಡಿದಾಗ ಹಣೆತುಂಬ ಕುಂಕುಮ ಇತ್ತು, ಮೂಗುಬಟ್ಟು ಇತ್ತು, ಬಾಯಿತುಂಬ ಹಲ್ಲಿತ್ತು. ಹುರಿಗಡಲೆ ಅಗಿಯುತ್ತೇನೆ ಅಂತ ಬರೆದದ್ದು ಸುಳ್ಳು, ಬೆಲ್ಲ ಚೀಪುವುದೂ ಕಷ್ಟ. ಕೂದಲು ಉಣ್ಣೆಯ ಹಾಗಾಗಿದೆ. ಗೊತ್ತಾಗದೆ ಇರುವುದು ಸಹಜ.

ನಾನು ‘ನಾನೇ ಕಣೋ’ ಅಂದೆ. ಆಮೇಲೆ ನೀನು ಮಾಡಿದ್ದಕ್ಕೆ ಸಿಟ್ಟು. ನನ್ನ ಹಣೆ ನೋಡಿದೆ, ಕೈ ನೋಡಿದೆ, ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದೆ. ‘ಈಗ ಮಾತಾಡೋ’ ಅಂದೆ. ಮಾರನೆಯ ದಿನವೂ ಅಷ್ಟೆ. ನಾನು ಬಾಯಿ ತೆರೆದರೆ ನೀನು ಕಣ್ಣು ಮುಚ್ಚುವುದು. ಕುರಿ ನೋಡುತ್ತೀಯ, ಗುಡ್ಡ ನೋಡುತ್ತೀಯ, ದಾರಿಯಲ್ಲಿ ಹೋಗುವ ಲಾರಿ ನೋಡುತ್ತೀಯ. ಪಾಲ ಬಂದರೆ ಕನ್ನಡಕ ಮಡಿಲಿಗೆ.

ಮೂರು ವರ್ಷದಿಂದ ನನ್ನ ಮುಖವನ್ನು ಯಾರೂ ನೆಟ್ಟಗೆ ನೋಡಿಲ್ಲ ಕಾಟಣ್ಣ. ಬೆಳಿಗ್ಗೆ ಯಾರಾದರೂ ಊರಿಗೆ ಹೊರಟರೆ ನಾನೇ ಒಳಗೆ ಸರಿಯುತ್ತೇನೆ, ಎದುರಾಗಬಾರದು ಅಂತ. ಸೊಸೆ ಒಳ್ಳೆಯವಳು, ಅವಳೂ ಹಬ್ಬದ ದಿನ ನನ್ನ ಭುಜ ನೋಡಿ ಮಾತಾಡುತ್ತಾಳೆ. ನೀನು ಕುರುಡನಾಗಿದ್ದಾಗ ನನಗೆ ಅದರ ಯೋಚನೆಯೇ ಇರಲಿಲ್ಲ. ಕಣ್ಣು ಬಂದ ಮೇಲೆ ನೀನೂ ಮುಚ್ಚಿಕೊಂಡೆ.

ನೀನು ಕಣ್ಣು ಮುಚ್ಚಿ ಕರೆಯುತ್ತಿದ್ದೀಯಲ್ಲ, ಆ ಲಂಗದ ಹುಡುಗಿ ಎಂದೋ ಹೋದಳು. ಅವಳನ್ನು ಕರೆದು ಏನು ಮಾಡುತ್ತೀಯ? ಇರುವವಳು ಈ ಮುದುಕಿ. ಇವಳ ಮುಖ ನೋಡಿಕೊಂಡು ‘ಬಾರೋ’ ಅನ್ನಲಿಕ್ಕೆ ನಿನ್ನ ಕೈಲಿ ಆಗುತ್ತದೋ ಇಲ್ಲವೋ ಹೇಳು. ಆಗದಿದ್ದರೆ ಮೇಷ್ಟ್ರ ಗಂಗಾಭಾಗೀರಥಿಯೇ ವಾಸಿ, ಅದರಲ್ಲಾದರೂ ಮೋಸ ಇರಲಿಲ್ಲ.

ಪಾಲ

*

ಮದಕರಿಪುರ
೧-೩-೧೯೭೬

(ನುಡಿದಂತೆ ಬರೆದಿದೆ. ಏಕಾಂತಪ್ಪ.)

ಲೋ ಪಾಲ,

ನಿನ್ ಕಾಗದ ಮೇಷ್ಟ್ರು ಓದಿದ್ರು.

ಭಾವ ಸತ್ತಾಗ ನಾನು ಬಂದಿದ್ದೆ, ನಿಜ. ಆದ್ರೆ ಕಣ್ಣಾಗೆ ಏನೂ ನೋಡಿರ್ಲಿಲ್ಲ. ಅಳೋದು ಕೇಳ್ತು, ನಿನ್ ಕೈ ಸಿಕ್ತು, ಬಂದೆ. ನನ್ ಪಾಲಿಗೆ ನಿಮ್ಮನೆ ಹೆಂಗಿತ್ತೋ ಹಂಗೇ ಇತ್ತು. ಭಾವ ಜಗಲಿ ಮ್ಯಾಲೆ ಕುಂತು ನಗ್ತಾನೇ ಇದ್ದ. ಕನ್ನಡಕ ಹಾಕಿ ನಿನ್ ಹಣೆ ನೋಡಿದ್ನಲ್ಲ, ಅವತ್ತು ಸತ್ತ ಭಾವ. ಹಲ್ಲಿಲ್ದಿದ್ದಕ್ಕಲ್ಲ ಪಾಲ. ಕೂದ್ಲಿಗಲ್ಲ. ಆ ಹಣೆ ನೋಡಾಕೆ ನನ್ ಕೈಲಾಗ್ಲಿಲ್ಲ. ಕಣ್ ಮುಚ್ಚಿದ್ರೆ ಎಲ್ಲಾ ಮೊದಲಿದ್ದಂಗೆ ಇತ್ತು, ಅದಕ್ಕೆ ಮುಚ್ಕಂಡೆ. ನಿಂಗೆ ಹೆಂಗಾಗತೈತೆ ಅಂತ ಯೋಚ್ನೆ ಮಾಡ್ಲಿಲ್ಲ.

ಈಗ ಅಭ್ಯಾಸ ಮಾಡ್ತಿದೀನಿ. ದಿನಾ ಬೆಳಿಗ್ಗೆ ಜಗಲಿ ಮ್ಯಾಲೆ ಕುಂತು ಕನ್ನಡಕ ಹಾಕ್ಕಂಡು ಈ ಹಟ್ಟಿ ಮುದುಕೀರ್ನೆಲ್ಲ ಒಬ್ಬೊಬ್ರನ್ನೇ ನೋಡ್ತೀನಿ. ಕುಂಕುಮ ಇರೋರು, ಇಲ್ದೋರು, ಹಲ್ಲಿರೋರು, ಇಲ್ದೋರು. ಮೊನ್ನೆ ದ್ಯಾಮಮ್ಮ ಕೈಯಾಗಿದ್ದ ಕೊಡ ಕೆಳಗಿಟ್ಟು, ‘ಏನಯ್ಯ ಕಾಟಯ್ಯ, ಕಣ್ ಬಂದಿದ್ದು ಇದಕ್ಕೇನಾ’ ಅಂತ ಮಕ ಮುರುದ್ಲು. ಹುಚ್ಚಕ್ಕ, ‘ಮಾವ, ಮರ್ಯಾದಿ ಹೋಗತೈತೆ, ಒಳಗೆ ಬರ್ರಿ’ ಅಂತ ಬೈತಾಳೆ. ಹೋಗ್ಲಿ ಬಿಡು. ಒಬ್ಬೊಬ್ರನ್ನ ನೋಡಿದಾಗ್ಲೂ, ಇದು ಪಾಲ ಆಗಿದ್ರೆ ಅಂತ ಮನಸ್ನಾಗೇ ಕರೀತೀನಿ. ಮೊದಮೊದ್ಲು ಬರ್ತಿರ್ಲಿಲ್ಲ. ಈಗ ಬರತೈತೆ.

ನಿನ್ನ ಕಾಗದ ಹಾಕಿ ಕರಿಯಲ್ಲ ಇನ್ನು. ಉಗಾದಿಗೆ ಮುಂಚೆ ನಾನೇ ಬರ್ತೀನಿ. ಯಾರ ಕೈನೂ ಹಿಡ್ಕಳಲ್ಲ. ದುರ್ಗದಿಂದ ಬೆಳಿಗ್ಗೆ ಬಸ್ಸಿಗೆ ಕುಂತು ನಿಮ್ಮೂರ ಹತ್ರ ಹಿರಿಯೂರಾಗೆ ಇಳೀತೀನಿ. ದಿನ ಯಾವ್ದು ಅಂತ ನಾಗಣ್ಣನ ಕೈಲಿ ಹೇಳಿ ಕಳಿಸ್ತೀನಿ. ನೀನು ಬಸ್ ಸ್ಟ್ಯಾಂಡಿಗೆ ಬಂದು ನಿಂತ್ಕ. ಸಂತೆ ದಿನ ಇದ್ರೆ ಇನ್ನೂ ಒಳ್ಳೇದು, ನಿನ್ನಂಥೋರು ಸಾಲಾಗಿ ಇರ್ತಾರೆ. ಅವರ ಮಧ್ಯಕ್ಕೇ ನಿಂತ್ಕ. ಮಗನ್ನ, ಮೊಮ್ಮಗಳನ್ನ ಯಾರನ್ನೂ ಪಕ್ಕದಾಗೆ ನಿಲ್ಲಿಸ್ಕಬ್ಯಾಡ. ಕೈ ಎತ್ತಬ್ಯಾಡ. ಮುಖದ ಮ್ಯಾಲೆ ಸೆರಗು ಎಳ್ಕಬ್ಯಾಡ.

ನಾನು ಒಬ್ಬೊಬ್ರನ್ನೂ ನೋಡ್ಕಂಡು ಬರ್ತೀನಿ. ನಿನ್ ಮುಂದೆ ನಿಂತು, ಕಣ್ ಬಿಟ್ಕಂಡು, ಜನ ಎಲ್ಲ ಕೇಳಂಗೆ ಕರೀತೀನಿ.

ಅಲ್ಲೀ ತಂಕ ನೀನು ಮಾತ್ರ ಬಾಯಿ ಬಿಡಬ್ಯಾಡ. ನಿನ್ ಕೈಲಿ ಆಗಲ್ಲ ಅಂತ ಗೊತ್ತೈತೆ. ಆದ್ರೂ ಒಂದ್ಸಲ ತಡ್ಕೊ.

(ಹೆಬ್ಬೆಟ್ಟಿನ ಗುರುತು)